ವಿದ್ಯುತ್ ಕೇಂದ್ರಗಳಿಗೆ ಗಣಕಯಂತ್ರದ ದಾರಿಯಿಂದ ಬರುವ ಅಪಾಯ: ಅದನ್ನು ಅಳೆಯುವ ಬಗೆ

2020ನೆಯ ಇಸವಿಯ ಅಕ್ಟೋಬರ್ 12ನೆಯ ತಾರೀಖು, ಸೋಮವಾರ, ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಮುಂಬಯಿಯಲ್ಲಿ ವಿದ್ಯುತ್ತು ನಿಂತುಹೋದುದು ನಮ್ಮ ವಾಚಕರಲ್ಲಿ ಹಲವರ ನೆನಪಿನಲ್ಲಿರಬಹುದು. ಲೋಕಲ್ ಗಾಡಿಗಳು ಹಳಿಯ ಮೇಲೆಯೇ ನಿಂತವು. ಅದು ಕೋವಿಡ್ ಕಾಲವಾದ್ದರಿಂದ ಗಾಡಿಗಳಲ್ಲಿ ಇದ್ದವರು ಬಹುಮಟ್ಟಿಗೆ ಅವಶ್ಯಕ ಸೇವೆಯ ನೌಕರರು. ಅವರು ಕೆಳಗಿಳಿದು ಹಳಿಯ ಪಕ್ಕದಲ್ಲಿ ನಡೆದೇ ಹೊರಟರು. ಆಸ್ಪತ್ರೆಗಳು ಜನರೇಟರುಗಳನ್ನು ಹಚ್ಚಬೇಕಾಯಿತು. ಕೆಲವು ಭಾಗಗಳಲ್ಲಿ ಎರಡು ಮೂರು ಗಂಟೆಯೊಳಗೆ ವಿದ್ಯುತ್ತು ಬಂದಿತು. ಮತ್ತೆ ಕೆಲವು ಉಪನಗರಗಳು ಬಹಳ ಹೊತ್ತು ಕಾಯಬೇಕಾಯಿತು.

ಕಾರಣವೇನು? ಕಳವಾ ಮತ್ತು ಪಡಘೆಯ ನಡುವಣ 400 ಕಿಲೋವೋಲ್ಟ್ ಮಾರ್ಗಗಳಲ್ಲಿ ಒಂದರ ದುರಸ್ತಿ ನಡೆದಿತ್ತೆಂದೂ, ಅದರ ಹೊರೆಯನ್ನು ಇನ್ನೊಂದಕ್ಕೆ ಹೊರಿಸಿದಾಗ ತಾಂತ್ರಿಕ ತೊಡಕು ಹುಟ್ಟಿತೆಂದೂ ಆಗಿನ ರಾಜ್ಯದ ಇಂಧನ ಸಚಿವರು ಅದೇ ದಿನ ತಿಳಿಸಿದರು. ವಿಷಯ ಅಲ್ಲಿಗೇ ಮುಗಿಯಲಿಲ್ಲ. 2021ರ ಫೆಬ್ರವರಿ ಕೊನೆಗೆ ಅಮೆರಿಕದ ಒಂದು ಸಂಸ್ಥೆಯು ವರದಿಯೊಂದನ್ನು ಹೊರಡಿಸಿ, ಚೀನಾದ ಸಂಬಂಧವುಳ್ಳ ಗುಂಪೊಂದು ಭಾರತದ ವಿದ್ಯುತ್ ಸಂಸ್ಥೆಗಳ ಗಣಕ ಜಾಲಗಳಲ್ಲಿ ನುಸುಳಿದೆಯೆಂದು ಹೇಳಿತು. ಮುಂಬಯಿಯ ಘಟನೆಗೂ ಇದಕ್ಕೂ ಸಂಬಂಧವಿದೆಯೆಂಬುದು ಸಿದ್ಧವಾಗಿಲ್ಲವೆಂದು ಆ ವರದಿಯಲ್ಲಿಯೇ ಇತ್ತು. ಆದರೂ ಮರುದಿನ ಮಹಾರಾಷ್ಟ್ರದ ಆಗಿನ ಗೃಹ ಸಚಿವರು, ಪೊಲೀಸರ ಸೈಬರ್ ವಿಭಾಗದ ತನಿಖೆಯಲ್ಲಿ ದುಷ್ಕೃತ್ಯದ ಸಂಶಯ ಕಾಣುತ್ತದೆಂದರು. ಕೇಂದ್ರದ ಆಗಿನ ವಿದ್ಯುತ್ ಸಚಿವರಾದರೋ, ಅದು ಮನುಷ್ಯರ ತಪ್ಪಿನಿಂದಾದುದೇ ಹೊರತು ಸೈಬರ್ ದಾಳಿಯಲ್ಲವೆಂದರು. ಉತ್ತರ ಮತ್ತು ದಕ್ಷಿಣ ವಲಯಗಳ ಭಾರ ರವಾನೆ ಕೇಂದ್ರಗಳ ಮೇಲೆ ದಾಳಿಯ ಯತ್ನಗಳಾದುದು ನಿಜ, ಆದರೆ ಅವು ಕಾರ್ಯಾಚರಣೆಯ ಯಂತ್ರಗಳನ್ನು ಮುಟ್ಟಲಿಲ್ಲ ಎಂದೂ ಸೇರಿಸಿದರು.

ನಮ್ಮ ವಾಚನಾಲಯದ ಮೇಜಿನ ಸುತ್ತ ಇದನ್ನು ಕುರಿತು ಚರ್ಚೆಯಾದಾಗಲೆಲ್ಲ ಎರಡು ಪಕ್ಷಗಳಾಗುವುದನ್ನು ನಾವು ಕಂಡಿದ್ದೇವೆ. ‘ದಾಳಿಯೇ ಸರಿ’ ಎನ್ನುವವರು ಕೆಲವರು; ‘ತಪ್ಪು ಮುಚ್ಚಲು ದಾಳಿಯ ನೆಪ’ ಎನ್ನುವವರು ಕೆಲವರು. ಈ ವಾದವನ್ನು ತೀರ್ಮಾನಿಸುವುದು ಈ ಪಾಠದ ಉದ್ದೇಶವಲ್ಲ. ಒಂದು ಮಾತನ್ನು ಮಾತ್ರ ಇಲ್ಲಿ ಹಿಡಿದುಕೊಳ್ಳೋಣ: ಒಬ್ಬನ ಕೈತಪ್ಪಿನಿಂದ ಯಾವ ಅನಾಹುತ ಆಗಬಹುದೋ, ಅದೇ ಅನಾಹುತವನ್ನು ಇನ್ನೊಬ್ಬನು ಬೇಕೆಂದೇ ಮಾಡಬಹುದು. ಆದುದರಿಂದ ಅಪಾಯವನ್ನು ಅಳೆಯಲು ಕುಳಿತವನಿಗೆ ಅಕ್ಟೋಬರ್ 12 ಎರಡೂ ರೀತಿಯಿಂದ ಒಂದು ದಾಖಲೆಯೇ. ಎಲ್ಲಿ ಕಡಿದರೆ ಮುಂಬಯಿ ನಿಲ್ಲುತ್ತದೆಂಬುದು ಅಂದು ಎಲ್ಲರಿಗೂ ಗೊತ್ತಾಯಿತು, ಗೊತ್ತಾಗಬಾರದವರಿಗೂ ಗೊತ್ತಾಯಿತು.

ಮೊದಲು, ವಿದ್ಯುತ್ತಿಗೂ ಗಣಕಯಂತ್ರಕ್ಕೂ ನಂಟು ಹೇಗೆ ಬೆಳೆಯಿತೆಂದು ನೋಡೋಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ವಿದ್ಯುತ್ತು ಒಯ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅಂದು ಆ ವಿದ್ಯುತ್ತನ್ನು ನಿಲ್ಲಿಸಬೇಕೆಂದು ಯಾರಾದರೂ ಮನಸ್ಸು ಮಾಡಿದ್ದರೆ ಕಾವೇರಿ ದಂಡೆಯ ಯಂತ್ರಶಾಲೆಗೆ ಹೋಗಿ, ಕಾವಲುಗಾರನನ್ನು ದಾಟಿ, ಕೈಯಿಂದಲೇ ಹಿಡಿಕೆಯನ್ನು ಎಳೆಯಬೇಕಾಗಿತ್ತು. ಇಲ್ಲವೇ ತಂತಿಯನ್ನು ಕಡಿಯಬೇಕಾಗಿತ್ತು. ಕೆಡಿಸುವವನು ಸ್ಥಳದಲ್ಲಿ ಇರಲೇಬೇಕು. ಹಾಗಿರುವಾಗ ಕಾವಲೆಂದರೆ ಗೋಡೆ, ಬೀಗ, ಲಾಠಿ.

ಈಗಿನ ವ್ಯವಸ್ಥೆ ಹಾಗಿಲ್ಲ. ದೇಶದ ಜಾಲವೆಲ್ಲ ಒಂದಾಗಿದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಣ 765 ಕಿಲೋವೋಲ್ಟ್ ಮಾರ್ಗವು ಚಾಲನೆಗೆ ಬಂದು ದಕ್ಷಿಣದ ಜಾಲವು ಉಳಿದ ಭಾರತದ ಜಾಲದೊಡನೆ ಒಂದೇ ತಾಳಕ್ಕೆ ಸೇರಿತು. (ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗುವ ನಮ್ಮವರು ದಾಟುವುದು ಇದೇ ಸೀಮೆಯನ್ನು.) ತಾಳವೆಂದರೆ ಸೆಕೆಂಡಿಗೆ 50 ಸಲದ ಆವರ್ತನ. ಎಷ್ಟು ವಿದ್ಯುತ್ತು ಖರ್ಚಾಗುತ್ತಿದೆಯೋ ಅಷ್ಟನ್ನೇ ಆ ಕ್ಷಣದಲ್ಲಿ ಉತ್ಪಾದಿಸಬೇಕು. ಇಲ್ಲವಾದರೆ ಈ ಎಣಿಕೆ ಏರುತ್ತದೆ ಅಥವಾ ಇಳಿಯುತ್ತದೆ. ಬಹಳ ಇಳಿದರೆ ಯಂತ್ರಗಳು ತಮ್ಮನ್ನು ತಾವು ರಕ್ಷಿಸಿಕೊಳ್ಳಲು ಜಾಲದಿಂದ ಕಳಚಿಕೊಳ್ಳುತ್ತವೆ. ಒಂದು ಕಳಚಿಕೊಂಡರೆ ಉಳಿದವುಗಳ ಹೊರೆ ಹೆಚ್ಚುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಆದುದು ಈ ಬಗೆಯ ಸರಣಿಯೇ. ಎರಡನೆಯ ದಿನ ಅರುವತ್ತು ಕೋಟಿಗೂ ಮಿಕ್ಕ ಜನರಿರುವ ಪ್ರದೇಶ ಕತ್ತಲಾಯಿತು. ಅದರಲ್ಲಿ ಯಾವ ದಾಳಿಯೂ ಇರಲಿಲ್ಲ.

ಇಷ್ಟು ದೊಡ್ಡ ತಕ್ಕಡಿಯನ್ನು ಕ್ಷಣಕ್ಷಣಕ್ಕೂ ಸಮತೂಕದಲ್ಲಿಡಲು ದಿಲ್ಲಿಯಲ್ಲಿ ಒಂದು ರಾಷ್ಟ್ರೀಯ ಕೇಂದ್ರ, ಅದರ ಕೆಳಗೆ ದಿಲ್ಲಿ, ಮುಂಬಯಿ, ಬೆಂಗಳೂರು, ಕೊಲ್ಕತ್ತಾ, ಶಿಲ್ಲಾಂಗುಗಳಲ್ಲಿ ವಲಯ ಕೇಂದ್ರಗಳು, ಅವುಗಳ ಕೆಳಗೆ ರಾಜ್ಯ ಕೇಂದ್ರಗಳು ಇವೆ. ನೂರಾರು ಮೈಲಿ ದೂರದ ಉಪಕೇಂದ್ರದಲ್ಲಿ ಎಷ್ಟು ವೋಲ್ಟೇಜಿದೆ, ಯಾವ ಬ್ರೇಕರು ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಅನೇಕ ಕಡೆ ಅಲ್ಲಿಂದಲೇ ಬ್ರೇಕರನ್ನು ತೆರೆಯಲೂ ಮುಚ್ಚಲೂ ಬರುತ್ತದೆ. ಸ್ಥಳಕ್ಕೆ ಹೋಗದೆ ಕೆಲಸ ಮಾಡುವ ಅನುಕೂಲವು ಇಂಜಿನಿಯರನಿಗೆ ದೊರೆತಂತೆ, ಇಂಜಿನಿಯರನ ವೇಷ ಹಾಕಿ ಬಂದವನಿಗೂ ದೊರೆಯಿತು.

ಇದು ಕಲ್ಪನೆಯ ಮಾತಲ್ಲವೆಂಬುದಕ್ಕೆ ಯುಕ್ರೇನ್ ದೇಶದ ದೃಷ್ಟಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. 2015ರ ಡಿಸೆಂಬರ್ 23ರಂದು, ಚಳಿಗಾಲದ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ, ಅಲ್ಲಿಯ ಮೂರು ವಿದ್ಯುತ್ ವಿತರಣ ಸಂಸ್ಥೆಗಳ ಉಪಕೇಂದ್ರಗಳು ಒಂದಾದ ಮೇಲೊಂದು ನಿಲ್ಲತೊಡಗಿದವು. ಪಶ್ಚಿಮ ಯುಕ್ರೇನಿನ ಒಂದು ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದ ನೌಕರನು ತನ್ನ ಪರದೆಯ ಮೇಲಿನ ಬಾಣದ ಗುರುತು ತಾನಾಗಿ ಸರಿದಾಡುವುದನ್ನು ಕಂಡನು. ಅದು ಬ್ರೇಕರಿನ ಚಿತ್ರದ ಮೇಲೆ ಹೋಗಿ ಒತ್ತಿತು, ಬ್ರೇಕರು ತೆರೆಯಿತು. ಅವನು ತನ್ನ ಮೌಸನ್ನು ಎಳೆದಾಡಿದನು; ಕೇಳಲಿಲ್ಲ. ಆಮೇಲೆ ಅವನನ್ನೇ ಹೊರಗೆ ಹಾಕಲಾಯಿತು. ಮತ್ತೆ ಒಳಬರಲು ನೋಡಿದರೆ ಗುಪ್ತಪದ ಬದಲಾಗಿತ್ತು. ಒಟ್ಟಿನಲ್ಲಿ ಸುಮಾರು 2,25,000 ಗ್ರಾಹಕರಿಗೆ ಒಂದರಿಂದ ಆರು ಗಂಟೆಗಳ ಕಾಲ ವಿದ್ಯುತ್ತು ಇಲ್ಲವಾಯಿತು.

ಒಳಹೊಕ್ಕವರು ಬಂದ ದಾರಿ ಯಾವುದು? ಯಂತ್ರಶಾಲೆಯ ದಾರಿಯಲ್ಲ, ಕಚೇರಿಯ ದಾರಿ. ಅದೇ ವರ್ಷದ ವಸಂತಕಾಲದಲ್ಲಿ ಈ ಸಂಸ್ಥೆಗಳ ಕಚೇರಿ ನೌಕರರಿಗೆ ಮಿಂಚಂಚೆಗಳು ಬಂದಿದ್ದವು. ಜೊತೆಗೆ ಒಂದು ಕಡತ. ತೆರೆದರೆ ‘ಮ್ಯಾಕ್ರೋ ಚಾಲೂ ಮಾಡಿ’ ಎಂಬ ಸೂಚನೆ. ಯಾರೋ ಒಬ್ಬ ಕಾರಕೂನನು, ಕೆಲಸ ಮುಗಿದರೆ ಸಾಕೆಂದು, ಒತ್ತಿದನು. ಅಲ್ಲಿಂದ ಆರು ತಿಂಗಳಿಗೂ ಹೆಚ್ಚು ಕಾಲ ಅವರು ಸದ್ದಿಲ್ಲದೆ ಒಳಗಿದ್ದು, ಯಾರು ಯಾವ ಗುಪ್ತಪದ ಬಳಸುತ್ತಾರೆ, ಹೊರಗಿನಿಂದ ನಿಯಂತ್ರಣ ಜಾಲಕ್ಕೆ ಹೋಗುವ ಬಾಗಿಲು ಎಲ್ಲಿದೆ ಎಂಬುದನ್ನೆಲ್ಲ ಕಲಿತರು. ಆ ಬಾಗಿಲಿಗೆ ಗುಪ್ತಪದವೊಂದೇ ಬೀಗ. ಎರಡನೆಯ ಗುರುತು ಕೇಳುವ ಪದ್ಧತಿ ಇರಲಿಲ್ಲ.

ಅವರ ಸಿದ್ಧತೆಯನ್ನು ನೋಡಿದರೆ ಬೆರಗಾಗುತ್ತದೆ. ದೀಪ ಆರಿಸಿದರಷ್ಟೇ ಸಾಲದೆಂದು, ಉಪಕೇಂದ್ರಗಳಿಗೆ ಆಜ್ಞೆ ತಲುಪಿಸುವ ಚಿಕ್ಕ ಪೆಟ್ಟಿಗೆಗಳೊಳಗಿನ ಮೂಲ ಪ್ರೋಗ್ರಾಮನ್ನೇ ಅಳಿಸಿ ಅವನ್ನು ನಿರುಪಯೋಗಿ ಮಾಡಿದರು. ನಿಯಂತ್ರಣ ಕೇಂದ್ರದ್ದೇ ಬ್ಯಾಟರಿ ವ್ಯವಸ್ಥೆಯನ್ನು ಅದೇ ಹೊತ್ತಿಗೆ ನಿಲ್ಲುವಂತೆ ಗೊತ್ತುಮಾಡಿಟ್ಟರು. ಗಣಕಗಳಲ್ಲಿದ್ದುದನ್ನು ಒರೆಸಿಹಾಕಿದರು. ಜನರು ‘ಕರೆಂಟು ಹೋಗಿದೆ’ ಎಂದು ತಿಳಿಸದಂತೆ ದೂರಿನ ಟೆಲಿಫೋನಿಗೆ ಸುಳ್ಳು ಕರೆಗಳ ಮಳೆ ಸುರಿಸಿದರು.

ಇಷ್ಟಾದರೂ ಆರು ಗಂಟೆಯೊಳಗೆ ವಿದ್ಯುತ್ತು ಬಂದುದು ಹೇಗೆ? ಲೈನಿನ ನೌಕರರು ವಾಹನ ಹತ್ತಿ ಉಪಕೇಂದ್ರಗಳಿಗೆ ಹೋದರು. ಕೈಯಿಂದ ಬ್ರೇಕರುಗಳನ್ನು ಮುಚ್ಚಿದರು. ಅಲ್ಲಿಯ ಯಂತ್ರಗಳು ಹಳೆಯವು. ಕೈಕೆಲಸ ಬಲ್ಲ ಜನ ಇನ್ನೂ ಇದ್ದರು. ಪೂರಾ ಗಣಕದ ಮೇಲೆಯೇ ನಿಂತ ಹೊಸ ವ್ಯವಸ್ಥೆಯಾಗಿದ್ದರೆ ಇಷ್ಟು ಬೇಗ ಏಳಲಾಗುತ್ತಿರಲಿಲ್ಲವೆಂದು ಬಲ್ಲವರ ಅಭಿಪ್ರಾಯ. ಮರುವರ್ಷ ಡಿಸೆಂಬರ್ 17ರಂದು ಕೀವ್ ನಗರದ ಒಂದು ದೊಡ್ಡ ಉಪಕೇಂದ್ರವನ್ನು ಮತ್ತೆ ಸುಮಾರು ಒಂದು ಗಂಟೆ ನಿಲ್ಲಿಸಿದಾಗ, ಮೌಸು ಓಡಿಸುವ ಮನುಷ್ಯನ ಅಗತ್ಯವೂ ಇರಲಿಲ್ಲ. ಬ್ರೇಕರುಗಳ ಭಾಷೆಯನ್ನೇ ಬಲ್ಲ ಪ್ರೋಗ್ರಾಮೊಂದು ಆ ಕೆಲಸ ಮಾಡಿತು.

ಇನ್ನು ಪಾಠದ ಮುಖ್ಯ ಭಾಗ. ಅಪಾಯವನ್ನು ಅಳೆಯುವುದೆಂದರೇನು?

ಪುಸ್ತಕದ ಸೂತ್ರ ಸುಲಭವಾಗಿದೆ: ಕೆಡುಕು ಆಗುವ ಸಂಭವವನ್ನೂ ಆದರೆ ಒದಗುವ ನಷ್ಟವನ್ನೂ ಗುಣಿಸಬೇಕು. ಸಂಭವಕ್ಕೆ ಐದರಲ್ಲಿ ಇಷ್ಟು ಅಂಕ, ನಷ್ಟಕ್ಕೆ ಐದರಲ್ಲಿ ಇಷ್ಟು. ಬಂದ ಗುಣಲಬ್ಧಕ್ಕೆ ಕೆಂಪು, ಹಳದಿ, ಹಸಿರು ಬಣ್ಣ. ಮಳೆ, ಬೆಂಕಿ, ಯಂತ್ರದ ಸವೆತ ಇವುಗಳಿಗೆ ಈ ಲೆಕ್ಕ ಒಪ್ಪುತ್ತದೆ. ಹಿಂದಿನ ವರ್ಷಗಳ ಎಣಿಕೆ ಕೈಯಲ್ಲಿರುತ್ತದೆ. ಆದರೆ ಬೇಕೆಂದೇ ಕೆಡಿಸುವವನು ಮಳೆಯಂತಲ್ಲ. ಅವನು ನಮ್ಮ ಪಟ್ಟಿಯಲ್ಲಿ ‘ಸಂಭವ ಕಡಮೆ’ ಎಂದು ಬರೆದ ಸಾಲನ್ನೇ ಹುಡುಕಿಕೊಂಡು ಬರುತ್ತಾನೆ. ಹೀಗಾಗಿ ಹಲವು ಕಚೇರಿಗಳಲ್ಲಿ ಮೇಲಿನವರ ತೃಪ್ತಿಗಾಗಿ ತುಂಬುವ ಈ ಬಣ್ಣದ ಕೋಷ್ಟಕಗಳ ಮೇಲೆ ನಮಗೆ ಅಷ್ಟೊಂದು ವಿಶ್ವಾಸವಿಲ್ಲ. ನಷ್ಟದ ಕಡೆಯಿಂದ ಲೆಕ್ಕ ಆರಂಭಿಸುವುದೇ ಮೇಲೆಂದು ತೋರುತ್ತದೆ. ಏನಾದರೆ ತಡೆದುಕೊಳ್ಳಲಾಗದು? ಅದನ್ನು ಮೊದಲು ಬರೆಯಿರಿ. ಅನಂತರ ಅಲ್ಲಿಗೆ ಹೋಗುವ ದಾರಿಗಳನ್ನು ಹಿಂದಕ್ಕೆ ಹಿಡಿದುಕೊಂಡು ಬನ್ನಿ.

ತಡೆದುಕೊಳ್ಳಲಾಗದ ನಷ್ಟವೆಂದರೆ ಬರಿಯ ಕತ್ತಲೆಯಲ್ಲ. ಅಮೆರಿಕದ ಆಯಡಾಹೊ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ 2007ರ ಮಾರ್ಚಿಯಲ್ಲಿ ಒಂದು ಪರೀಕ್ಷೆ ಮಾಡಿದರು. 2.25 ಮೆಗಾವಾಟಿನ ಒಂದು ಡೀಸೆಲ್ ಜನರೇಟರನ್ನು ಜಾಲಕ್ಕೆ ಜೋಡಿಸುವ ಬ್ರೇಕರನ್ನು, ಗಣಕದ ಆಜ್ಞೆಯಿಂದ, ತಾಳ ತಪ್ಪಿದ ಕ್ಷಣದಲ್ಲಿ ತೆರೆದು ಮುಚ್ಚಿದರು. ಓಡುವ ಗಾಡಿಯ ಗಾಲಿಗೆ ಕೋಲು ತುರುಕಿದಂತೆ ಪ್ರತಿಸಲವೂ ಯಂತ್ರ ಅದಿರಿತು, ಹೊಗೆ ಬಂದಿತು, ಕೆಲವೇ ನಿಮಿಷಗಳಲ್ಲಿ ಕೆಟ್ಟು ನಿಂತಿತು. ಬ್ರೇಕರು ತೆರೆದರೆ ಮತ್ತೆ ಮುಚ್ಚಬಹುದು. ಮುರಿದ ಜನರೇಟರನ್ನಾಗಲಿ ಸುಟ್ಟ ದೊಡ್ಡ ಟ್ರಾನ್ಸ್‌ಫಾರ್ಮರನ್ನಾಗಲಿ ಅಂಗಡಿಯಿಂದ ತರಲಾಗದು. ಅವನ್ನು ಹೇಳಿ ಮಾಡಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಆದುದರಿಂದ ಪಟ್ಟಿಯಲ್ಲಿ ‘ಎಷ್ಟು ಜನರಿಗೆ ಕತ್ತಲೆ’ ಎಂಬುದರ ಪಕ್ಕದಲ್ಲಿ ‘ಎದ್ದು ನಿಲ್ಲಲು ಎಷ್ಟು ದಿನ’ ಎಂಬ ಇನ್ನೊಂದು ಅಂಕಣ ಇರಲೇಬೇಕು.

ದಾರಿಗಳ ವಿಷಯಕ್ಕೆ ಬರೋಣ. ಚಾಳಿನ ಖೋಲಿಯಲ್ಲಿ ನಾಲ್ಕಾರು ಜನ ಕೂಡಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಗಿಲಿಗೆ ದೊಡ್ಡ ಬೀಗವಿರುತ್ತದೆ. ಆದರೆ ಒಂದು ಕೀಲಿ ಪಕ್ಕದ ಮನೆಯವರಲ್ಲಿ, ಒಂದು ಊರಿಗೆ ಹೋದ ಗೆಳೆಯನ ಕಿಸೆಯಲ್ಲಿ, ಕಳೆದ ವರ್ಷ ಬಿಟ್ಟುಹೋದವನ ಕೀಲಿ ಎಲ್ಲಿದೆಯೋ ಯಾರಿಗೂ ತಿಳಿಯದು. ವಿದ್ಯುತ್ ಕೇಂದ್ರದಲ್ಲಿಯೂ ಹೀಗೆಯೇ. ಯಂತ್ರ ಒದಗಿಸಿದ ಕಂಪನಿಯವರು ದೂರದಿಂದ ದುರಸ್ತಿ ಮಾಡಲೆಂದು ಒಂದು ಸಂಪರ್ಕ ಇಟ್ಟಿರುತ್ತಾರೆ. ಗುತ್ತಿಗೆದಾರನ ಹುಡುಗನು ತನ್ನ ಲ್ಯಾಪ್‌ಟಾಪನ್ನು ತಂದು ಜೋಡಿಸುತ್ತಾನೆ. ಕೆಲಸ ಬಿಟ್ಟವನ ಹೆಸರು ಗಣಕದಲ್ಲಿ ಹಾಗೆಯೇ ಉಳಿದಿರುತ್ತದೆ. 2021ರ ಮೇ 7ರಂದು ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಗೆ ಒದಗಿದ ಪೇಚು ಇಂತಹ ಹಳೆಯ ಕೀಲಿಯಿಂದಲೇ: ಬಳಕೆಯಲ್ಲಿಲ್ಲದ ಒಂದು ಸಂಪರ್ಕ ಖಾತೆ, ಅದಕ್ಕೆ ಗುಪ್ತಪದ ಮಾತ್ರ. ಹಣಕ್ಕಾಗಿ ಕಡತಗಳಿಗೆ ಬೀಗ ಹಾಕುವ ಕಳ್ಳರು ಅದರಿಂದ ಹೊಕ್ಕರು. ಅವರು ಕೆಡಿಸಿದ್ದು ಕಚೇರಿಯ ಗಣಕಗಳನ್ನು. ಎಣ್ಣೆಯ ಕೊಳವೆಯನ್ನು ಅವರು ಮುಟ್ಟಲಿಲ್ಲ. ಮುಂದೆ ಹರಡೀತೆಂಬ ಭಯದಿಂದ ಕಂಪನಿಯವರೇ ನಿಲ್ಲಿಸಿದರು. ಸುಮಾರು 8,850 ಕಿಲೋಮೀಟರುಗಳ, ಅಮೆರಿಕದ ಪೂರ್ವ ಕರಾವಳಿಗೆ ಬೇಕಾಗುವ ಇಂಧನದ ಸುಮಾರು ಶೇಕಡಾ 45ರಷ್ಟನ್ನು ಸಾಗಿಸುವ ಆ ಕೊಳವೆ ಐದು ದಿನ ನಿಂತು, ಪೆಟ್ರೋಲ್ ಪಂಪುಗಳ ಮುಂದೆ ಸಾಲುಗಳು ಬೆಳೆದವು. ಕಂಪನಿಯು 75 ಬಿಟ್‌ಕಾಯಿನ್, ಎಂದರೆ ಸುಮಾರು 44 ಲಕ್ಷ ಡಾಲರು, ತೆತ್ತಿತು, ಅದರಲ್ಲಿ 63.7 ಬಿಟ್‌ಕಾಯಿನ್ನುಗಳನ್ನು ಪೊಲೀಸರು ಅನಂತರ ವಶಪಡಿಸಿಕೊಂಡರು.

‘ನಮ್ಮ ಯಂತ್ರಗಳು ಇಂಟರ್ನೆಟ್ಟಿಗೆ ಜೋಡಿಸಿಯೇ ಇಲ್ಲ, ನಮಗೇನು ಭಯ?’ ಎಂಬ ಉತ್ತರವನ್ನು ಅಧಿಕಾರಿಗಳಿಂದ ಕೇಳುವುದುಂಟು. ಈ ಉತ್ತರ ಅರ್ಧ ಸತ್ಯ. 2019ರ ಸೆಪ್ಟೆಂಬರ್ 4ರಂದು ಭಾರತದ ಗಣಕ ತುರ್ತು ಪಡೆಯಾದ ಸರ್ಟ್-ಇನ್ ಸಂಸ್ಥೆಯು ನ್ಯೂಕ್ಲಿಯರ್ ಪವರ್ ಕಾರ್ಪೊರೇಷನ್ನಿಗೆ ಒಂದು ಸೂಚನೆ ಕೊಟ್ಟಿತು. ತಮಿಳುನಾಡಿನ ಕೂಡಂಕುಳಂ ಅಣುವಿದ್ಯುತ್ ಕೇಂದ್ರದ ಸುದ್ದಿ ಅಕ್ಟೋಬರಿನಲ್ಲಿ ಹೊರಬಿದ್ದಾಗ ಮೊದಲು ನಿರಾಕರಣೆ ಬಂದಿತು. ಮರುದಿನ, ಅಕ್ಟೋಬರ್ 30ರಂದು, ಆಡಳಿತ ಕೆಲಸದ ಒಂದು ಗಣಕದಲ್ಲಿ ಹಾನಿಕಾರಕ ಪ್ರೋಗ್ರಾಂ ಸಿಕ್ಕಿದ್ದು ನಿಜವೆಂದೂ, ಕೇಂದ್ರದ ನಿಯಂತ್ರಣ ಜಾಲವು ಅದರಿಂದ ಬೇರೆಯಾದುದರಿಂದ ಅದಕ್ಕೆ ಸೋಂಕಿಲ್ಲವೆಂದೂ ಒಪ್ಪಿದರು. ಬೇರ್ಪಡಿಸಿಟ್ಟದ್ದು ಇಲ್ಲಿ ಕಾಪಾಡಿತು. ಅದು ಅರ್ಧದ ಸತ್ಯ. ಇನ್ನರ್ಧಕ್ಕೆ ಇರಾನಿನ ನತಾಂಜ್ ನೋಡಬೇಕು. ಅಲ್ಲಿಯ ಯುರೇನಿಯಂ ಯಂತ್ರಶಾಲೆಯೂ ಹೊರಜಾಲಕ್ಕೆ ಸೇರಿರಲಿಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಪ್ರೋಗ್ರಾಂ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟುವ ಶಕ್ತಿಯುಳ್ಳದ್ದಾಗಿ, ಗೋಡೆಯನ್ನು ಯಾರದೋ ಕಿಸೆಯಲ್ಲಿ ಕುಳಿತು ದಾಟಿತು. ತಿರುಗುವ ಯಂತ್ರಗಳ ವೇಗವನ್ನು ಏರಿಳಿಸಿ ಕೆಡಿಸುತ್ತಿದ್ದಾಗ ಪರದೆಯ ಮೇಲೆ ಎಲ್ಲವೂ ಸರಿಯಾಗಿದೆಯೆಂಬ ಅಂಕೆಗಳನ್ನೇ ತೋರಿಸುತ್ತಿತ್ತು.

ಈ ಕೊನೆಯ ಸಂಗತಿಯು ಪಾಳಿಯ ಕೆಲಸಗಾರನಿಗೆ ಸಂಬಂಧಪಟ್ಟದ್ದು. ಪರದೆ ಸರಿಯೆನ್ನುವಾಗ ಯಂತ್ರದ ಸದ್ದು ಬೇರೆಯಾಗಿದ್ದರೆ ಯಾರು ತಿಳಿಸಬೇಕು? ಕಿವಿಯಿಂದ ಯಂತ್ರವನ್ನು ಬಲ್ಲ ಹಳೆಯ ಮೆಕ್ಯಾನಿಕನೇ. ಅಪಾಯದ ಪಟ್ಟಿ ಬರೆಯುವವರು ಆತನನ್ನು ಕೇಳದೆ ಬರೆದರೆ ಅದು ಕಾಗದದ ಪಟ್ಟಿ ಮಾತ್ರ. ಅದೇ ರೀತಿ ಕಾರಕೂನನಿಗೆ ಸಂಬಂಧಪಟ್ಟದ್ದು ಯುಕ್ರೇನಿನ ಆ ಮಿಂಚಂಚೆ. ಸಂಶಯ ಬಂದ ಕಡತವನ್ನು ತೆರೆದುಬಿಟ್ಟೆನೆಂದು ಹೇಳಿಕೊಂಡರೆ ಮೆಮೋ ಬರುತ್ತದೆಂಬ ಭಯ ಇರುವ ಕಚೇರಿಯಲ್ಲಿ ಯಾವನೂ ಬಾಯಿ ಬಿಡುವುದಿಲ್ಲ. ಒಳಹೊಕ್ಕವನಿಗೆ ಆರು ತಿಂಗಳ ಬಿಡುವು ಸಿಗುವುದು ಹೀಗೆ. 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶದಂತೆ ಇಂತಹ ಘಟನೆಗಳನ್ನು ಸಂಸ್ಥೆಯು ತಿಳಿದ ಆರು ಗಂಟೆಯೊಳಗೆ ವರದಿ ಮಾಡತಕ್ಕದ್ದು. ಆದರೆ ಸಂಸ್ಥೆಗೆ ತಿಳಿಯುವುದು ಗುಮಾಸ್ತನು ಹೇಳಿದ ಮೇಲಷ್ಟೆ! ತಾನಾಗಿ ಬಂದು ತಪ್ಪು ಒಪ್ಪಿಕೊಂಡವನಿಗೆ ಶಿಕ್ಷೆಯಿಲ್ಲವೆಂಬ ನಿಯಮವು ಹಲವು ಲಕ್ಷ ರೂಪಾಯಿಯ ಉಪಕರಣಕ್ಕಿಂತ ಹೆಚ್ಚು ಕಾಪಾಡೀತೆಂದು ನಮ್ಮ ಅಭಿಪ್ರಾಯ.

ಮಧ್ಯದಲ್ಲಿ ಒಂದು ಸೂಚನೆ. ‘ಇಂದು ರಾತ್ರಿ ನಿಮ್ಮ ಕರೆಂಟು ಕಡಿಯಲಾಗುವುದು, ಈ ನಂಬರಿಗೆ ಫೋನು ಮಾಡಿ’ ಎಂಬ ಸಂದೇಶಗಳು ಮೊಬೈಲಿಗೆ ಬರುವುದುಂಟು. ಅದು ಗ್ರಾಹಕನ ಹಣ ಕದಿಯುವ ವಂಚನೆ. ವಿದ್ಯುತ್ ಕೇಂದ್ರದ ಮೇಲಿನ ದಾಳಿಯಲ್ಲ. ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ಅಭ್ಯಾಸಕ್ಕಾಗಿ ಒಂದು ಲೆಕ್ಕ ಕೊಡುತ್ತೇವೆ. ನೀವಿರುವ ಕಟ್ಟಡದ ನೀರಿನ ಪಂಪನ್ನು ತೆಗೆದುಕೊಳ್ಳಿರಿ. ಮೊಬೈಲಿನಿಂದ ಪಂಪು ಚಾಲೂ ಮಾಡುವ ಪೆಟ್ಟಿಗೆಗಳು ಈಗ ಬಂದಿವೆ. ನಿಮ್ಮಲ್ಲಿ ಇಲ್ಲದಿದ್ದರೆ ಇದೆಯೆಂದು ಭಾವಿಸಿರಿ. ಒಂದು ಹಾಳೆಯನ್ನು ನಾಲ್ಕು ಅಂಕಣ ಮಾಡಿ, ಮೊದಲನೆಯದರಲ್ಲಿ ಆಗಬಾರದ್ದನ್ನು ಬರೆಯಿರಿ: ಪಂಪು ಓಡದೆ ಇರುವುದು ಒಂದು, ಕೆಳಗಿನ ತೊಟ್ಟಿ ಬರಿದಾದ ಮೇಲೂ ಓಡಿ ಮೋಟರು ಸುಡುವುದು ಇನ್ನೊಂದು. ಎರಡನೆಯ ಅಂಕಣದಲ್ಲಿ ಆ ಗುಂಡಿಯನ್ನು ಒತ್ತಬಲ್ಲವರೆಲ್ಲರ ಪಟ್ಟಿ. ವಾಚಮನ್, ಕಾರ್ಯದರ್ಶಿ, ಪೆಟ್ಟಿಗೆ ಮಾರಿದವನು, ಕಳೆದ ವರ್ಷದ ಕಾರ್ಯದರ್ಶಿ ಯಾರನ್ನೂ ಬಿಡಬೇಡಿರಿ. ಮೂರನೆಯದರಲ್ಲಿ, ತಪ್ಪು ಆಜ್ಞೆ ಬಂದರೂ ಮೋಟರನ್ನು ತಾನಾಗಿ ನಿಲ್ಲಿಸುವ, ಮೊಬೈಲಿಗೆ ಸಂಬಂಧವಿಲ್ಲದ ಸಾಧನ ಏನಿದೆಯೆಂಬುದು. ನಾಲ್ಕನೆಯದರಲ್ಲಿ, ಪೆಟ್ಟಿಗೆ ಕೆಟ್ಟ ದಿನ ಕೈಯಿಂದ ಪಂಪು ಹಚ್ಚಲು ಯಾರಿಗೆ ಬರುತ್ತದೆ, ಕಳೆದ ಸಲ ಹಚ್ಚಿ ನೋಡಿದ್ದು ಯಾವಾಗ ಎಂಬುದು.

ಬರೆದ ಹಾಳೆಗಳನ್ನು ಮುಂದಿನ ರವಿವಾರ ಸಂಜೆ ವಾಚನಾಲಯಕ್ಕೆ ತನ್ನಿರಿ. ವಿದ್ಯುತ್ ಮಂಡಳಿ, ರೈಲ್ವೆ, ಗಿರಣಿಗಳಲ್ಲಿ ಪಾಳಿಯ ಕೆಲಸ ಮಾಡುವ ಮಿತ್ರರು ಅವಶ್ಯ ಬರಬೇಕು. ಅವರ ನಾಲ್ಕನೆಯ ಅಂಕಣವನ್ನು ನೋಡುವ ಆಸೆ ನಮಗಿದೆ.